ಸಬೀನಳ ಕೈಗೆ ನೀರು

ಸ್ತುಫಾರು, ನವೆಂಬರ್ 3, 1995

ಗವ್ರೀಲನಿಗೆ,

ನೀನು ಹೋದ ಮೇಲೆ ಈ ಮನೆಯಲ್ಲಿ ಮಾತಿಗೆ ಸಿಗುವುದು ಬೆಕ್ಕೊಂದೇ. ಅದೂ ನಿನ್ನ ಹಾಗೆಯೇ, ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದಿಲ್ಲ. ಅದಕ್ಕೇ ಬರೆಯಲು ಕೂತೆ. ಬ್ರೆಡ್ ಗಾಡಿಯವನು ವಾರಕ್ಕೆರಡು ಸಲ ಕೂಡುರಸ್ತೆಯ ಮೇಲೆ ಹೋಗುತ್ತಾನೆ, ತಲುಪಿಸುತ್ತಾನಂತೆ.

ನಿನ್ನೆ ಪಂಚಾಯತಿಯಲ್ಲಿ ಹಿಮದ ಸಭೆ ಇತ್ತು. ನಮ್ಮ ಅಧ್ಯಕ್ಷ ಬಾರ್ಬು ಹೊಸ ತುಪ್ಪಳದ ಟೋಪಿ ಹಾಕಿಕೊಂಡು ಬಂದು ಜಿಲ್ಲೆಯ ಆದೇಶ ಓದಿದ. ಹೋದ ವರ್ಷ ಬಯಲಿನಲ್ಲಿ ಬಸ್ಸುಗಳು ಹೂತುಹೋಗಿ ಬೈಸಿಕೊಂಡಿದ್ದಕ್ಕೆ ಈ ಸಲ ಸರ್ಕಾರ ಮೊದಲೇ ಎಚ್ಚೆತ್ತಿದೆ. ಹಿಟ್ಟು, ಸೀಮೆಎಣ್ಣೆ ಮುಂಚೆಯೇ ತುಂಬಿಡುವುದು. ಬೀದಿಗಿಷ್ಟು ಸಲಿಕೆ. ಗಾಳಿ ಬರುವ ಕಡೆ ಹೊಲದಲ್ಲಿ ಹಿಮ ತಡೆಯುವ ಹಲಗೆ ಬೇಲಿ. ಕೂಡುರಸ್ತೆಯಲ್ಲಿ ಹಿಮ ತಳ್ಳುವ ಯಂತ್ರಗಳ ಶಿಬಿರ. ಶಿಬಿರ ಅಂದರೆ ಯಾರ ಜಾಗ ಅಂತ ಯಾರೋ ಕೇಳಿದರು.

"ಸಬೀನಳ ಊಟದ ಮನೆ ಐತಲ್ಲ, ಅಲ್ಲೇ. ಡ್ರೈವರ್‌ಗಳ ಊಟ, ಹಾಸಿಗೆ ಎಲ್ಲ ಅವಳೇ ನೋಡ್ಕೊತಾಳೆ" ಅಂದ ಬಾರ್ಬು.

ಇಡೀ ಸಭೆ ಒಮ್ಮೆಗೇ ನನ್ನ ಕಡೆ ತಿರುಗಿತು. ಹಿಮದ ಚಿಂತೆ ಯಾರಿಗೂ ಇರಲಿಲ್ಲ, ಎಲ್ಲರಿಗೂ ನನ್ನ ಮುಖ ನೋಡಬೇಕಿತ್ತು. ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಮಗು ಒದ್ದಿತೇನೋ ಎಂಬಂತೆ ತಲೆ ಬಗ್ಗಿಸಿದೆ. ನಿನ್ನನ್ನು ಅಲ್ಲಿಗೇ ಹಾಕಿದ್ದಾರೆಂದು ಮನೆಯಲ್ಲಿ ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಒಂದು ಡಬ್ಬಿ ಹುಳಿ ಎಲೆಕೋಸು ಕಳಿಸಿದ್ದೇನೆ. ನಾನೇ ಹಾಕಿದ್ದು. ಅವಳದ್ದಕ್ಕಿಂತ ಹೇಗಿದೆ ಎಂದು ಬರೆ.

ನಿನ್ನ ದಾರಿ ಕಾಯುತ್ತಿರುವ,
ಜೆನೋವ್ಯ

*

ಕೂಡುರಸ್ತೆ ಶಿಬಿರ, ನವೆಂಬರ್ 11

ಜೆನೋವ್ಯ,

ಎಲೆಕೋಸು ಬಂತು. ಎಲ್ಲರೂ ತಿಂದೆವು. ಚೆನ್ನಾಗಿದೆ. ಸಬೀನಳದ್ದು ಇನ್ನೂ ಸ್ವಲ್ಪ ಗರಿಗರಿ ಇದೆ, ನೀನು ಕೇಳಿದ್ದಕ್ಕೆ ಬರೆದೆ.

ನಾವು ಇಲ್ಲಿ ಯಂತ್ರಗಳಿಗೆ ಸರಪಳಿ ಕಟ್ಟಿ, ಮರಳು ಉಪ್ಪು ರಾಶಿ ಹಾಕಿ ಮುಗಿಸಿದೆವು. ಡೀಸೆಲ್ ಬಂದಿದೆ. ಒಂದು ಯಂತ್ರಕ್ಕೆ ಇಬ್ಬರು ಇರಲೇಬೇಕು, ಒಬ್ಬನೇ ಹೊರಡುವಂತಿಲ್ಲ ಎಂದು ಹೊಸ ನಿಯಮ. ನನ್ನ ಜೊತೆಗಾರ ತುದೋಸೆ, ಒಳ್ಳೆಯವನು, ಗೊರಕೆ ಮಾತ್ರ ಜಾಸ್ತಿ. ಹೆದ್ದಾರಿಯ ಪಕ್ಕ ಹಲಗೆ ಬೇಲಿ ನಿಲ್ಲಿಸಿದ್ದಾಯಿತು. ನಮ್ಮೂರ ದಾರಿಗೂ ಹಲಗೆ ಕಳಿಸಿದ್ದಾರೆ, ಬಾರ್ಬುಗೆ ಬೇಗ ನೆಡಿಸಲು ಹೇಳು. ಆ ಬೇಲಿ ಇಲ್ಲದಿದ್ದರೆ ಹೊಲದ ಹಿಮವೆಲ್ಲ ರಸ್ತೆಗೇ ಬಂದು ಕೂರುತ್ತದೆ.

ಮರ್ಗಿಯೋಲ ನರ್ಸಮ್ಮನನ್ನು ಡಿಸೆಂಬರಿನಿಂದ ಇಲ್ಲಿಗೇ ಹಾಕುತ್ತಾರಂತೆ. ದಿನ ತುಂಬಿದ ಬಸುರಿಯರನ್ನು ಬಿರುಗಾಳಿಗೆ ಮುಂಚೆ ಇಲ್ಲಿಗೆ ತಂದು ಇಡುವುದು ಆದೇಶದಲ್ಲಿದೆ. ನಿನ್ನ ಹೆಸರು ಕೊಡಿಸು.

ಭಾನುವಾರ ಬರುತ್ತೇನೆ.
ಗವ್ರೀಲ

*

ಸ್ತುಫಾರು, ನವೆಂಬರ್ 20

ಮಾನ್ಯ ಡ್ರೈವರ್ ಸಾಹೇಬರಿಗೆ,

ತಾವು ಭಾನುವಾರ ಬಂದು, ಉಂಡು, ಮಲಗಿ, ಎದ್ದು ಹೋದಿರಿ. ತಮ್ಮ ಬೂದು ಅಂಗಿಯನ್ನು ಒಗೆಯಲು ಬಿಟ್ಟುಹೋಗಿದ್ದೀರಿ. ಅದರ ಮೇಲಿನ ಗುಂಡಿಯನ್ನು ಯಾರೋ ನೀಲಿ ದಾರದಲ್ಲಿ ಹೊಲಿದಿದ್ದಾರೆ. ನಮ್ಮ ಮನೆಯಲ್ಲಿ ನೀಲಿ ದಾರ ಇಲ್ಲ. ತಮಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ. ತುದೋಸೆ ಹೊಲಿದ ಎಂದು ಮಾತ್ರ ದಯವಿಟ್ಟು ಬರೆಯಬೇಡಿ.

ಗುಂಡಿಯನ್ನು ಕಿತ್ತು ಬಿಳಿ ದಾರದಲ್ಲಿ ಮತ್ತೆ ಹೊಲಿದಿದ್ದೇನೆ. ಅಂಗಿ ಬ್ರೆಡ್ ಗಾಡಿಯಲ್ಲಿ ಬರುತ್ತಿದೆ.

ಬಾರ್ಬು ಬಸುರಿಯರ ಹೆಸರು ಬರೆದುಕೊಳ್ಳಲು ಬಂದಿದ್ದ. ಹೊಸಿಲಲ್ಲೇ ನಿಂತು, "ಏನಮ್ಮಾ ಜೆನೋವ್ಯ, ನಿಂಗೆ ಯಾವಾಗ?" ಅಂದ. ಜನವರಿ ಕೊನೆಗೆ ಅಂದೆ. ಅವನು ನನ್ನ ಹೊಟ್ಟೆ ನೋಡಿದ, ಕ್ಯಾಲೆಂಡರ್ ನೋಡಿದ, ಮತ್ತೆ ಹೊಟ್ಟೆ ನೋಡಿದ. "ಅವಳಿ ಏನು?" ಅಂದ. ಇರಬಹುದು ಅಂದೆ. ಬರೆದುಕೊಂಡು ಹೋದ.

ಕ್ರಿಸ್ಮಸ್‌ಗೆ ಮುಂಚೆಯೇ ದಿನ ತುಂಬುತ್ತದೆ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಅವಳ ಮಾಡಿನ ಕೆಳಗೆ ಹೋಗಿ ಮಲಗುವುದಕ್ಕೆ ನಾನು ತಯಾರಿಲ್ಲ, ಅಷ್ಟೇ. ಈ ವಿಷಯದಲ್ಲಿ ನೀನು ಬಾಯಿ ಬಿಟ್ಟರೆ ನೋಡು.

ಇತಿ ತಮ್ಮ ಮನೆಯಲ್ಲಿರುವ ಹೆಂಗಸು,
ಜೆನೋವ್ಯ

*

ಕೂಡುರಸ್ತೆ ಶಿಬಿರ, ನವೆಂಬರ್ 27

ಜೆನೋವ್ಯ,

ಗುಂಡಿ ಸಬೀನ ಹೊಲಿದದ್ದು. ಬಿದ್ದಿತ್ತು, ಹೊಲಿದಳು. ಅದರಲ್ಲಿ ಮತ್ತೇನಿದೆ?

ಸುಳ್ಳು ಹೇಳಿದ್ದು ತಪ್ಪು. ಹವಾಮಾನದವರು ಹಿಮ ಹೊತ್ತು ತರುವ ಕ್ರಿವತ್ಸ್ ಗಾಳಿ ಈ ಸಲ ಬೇಗ ಎನ್ನುತ್ತಿದ್ದಾರೆ. ಗಾಳಿ ಬೀಸಿದ ಮೇಲೆ ಮೊದಲು ಹೆದ್ದಾರಿ, ಆಮೇಲೆ ಆಸ್ಪತ್ರೆಯ ದಾರಿ, ಊರಿನ ದಾರಿಗಳು ಕೊನೆಗೆ. ನನ್ನ ಹೆಂಡತಿ ಇದ್ದಾಳೆಂದು ಯಂತ್ರವನ್ನು ಸ್ತುಫಾರಿಗೆ ತಿರುಗಿಸುವ ಹಾಗಿಲ್ಲ. ನರ್ಸಮ್ಮನೂ ಇಲ್ಲೇ ಇರುತ್ತಾಳೆ, ಊರಲ್ಲಿ ಯಾರೂ ಇರುವುದಿಲ್ಲ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಆಗುತ್ತಿರುವ ಮಗು. ಹಟ ಬೇಡ.

ಇಲ್ಲಿ ಬಸುರಿಯರಿಗೆ ಮೇಲಿನ ಕೋಣೆ ಸುಣ್ಣ ಹೊಡೆದು ಇಟ್ಟಿದ್ದಾಳೆ. ಬೆಚ್ಚಗಿದೆ.

ಗವ್ರೀಲ

*

ಸ್ತುಫಾರು, ಡಿಸೆಂಬರ್ 4

ಗವ್ರೀಲ,

ಬೆಚ್ಚಗಿದೆ ಎಂದು ನಿನಗೆ ಹೇಗೆ ಗೊತ್ತು? ಇರಲಿ, ಉತ್ತರ ಬರೆಯಬೇಡ. ನೀನು ನಿಜವನ್ನೇ ಬರೆಯುತ್ತೀ, ಅದನ್ನು ಓದಿ ನಾನು ಇನ್ನೊಂದು ವಾರ ಉರಿಯುತ್ತೇನೆ.

ನೀನು ಮಾತು ಕಡಿಮೆ ಆಡುವವನು, ಆದ್ದರಿಂದ ನಾನೇ ಆಡಿಬಿಡುತ್ತೇನೆ. ನೀನು ಸೈನ್ಯದಿಂದ ಅವಳಿಗೆ ಬರೆಯುತ್ತಿದ್ದ ಕಾಗದಗಳನ್ನು ಅವಳು ಬಾವಿಕಟ್ಟೆಯ ಮೇಲೆ ಕೂತು ನಮಗೆಲ್ಲ ಓದಿ ಹೇಳುತ್ತಿದ್ದಳು. ಆಗ ನಿನಗೆ ಎಷ್ಟೊಂದು ಮಾತು ಬರುತ್ತಿತ್ತು ಮಾರಾಯ! ಪುಟಗಟ್ಟಲೆ. ನಾನು ಬಿಂದಿಗೆ ತುಂಬಿದ ಮೇಲೂ ಅಲ್ಲೇ ನಿಂತು ಕೇಳುತ್ತಿದ್ದೆ. ಆಮೇಲೆ ಅವಳು ಊಟದ ಮನೆಯ ಹುಡುಗನನ್ನು ಕಟ್ಟಿಕೊಂಡಳು. ನೀನು ಬಂದೆ, ಒಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡು ತಿರುಗಿದೆ, ಮತ್ತೆ ನನ್ನನ್ನು ಕೇಳಿದೆ. ಅವಳು ಬೇಡ ಎಂದು ಬಿಟ್ಟದ್ದನ್ನು ನಾನು ಎತ್ತಿಕೊಂಡೆ ಎಂದು ಊರು ಹೇಳುತ್ತದೆ. ಊರು ಹೇಳಿದರೆ ಹೇಳಲಿ, ನನ್ನೊಳಗೂ ಅದೇ ಮಾತು ಕೂತಿದೆ. ಈಗ ಅವಳು ವಿಧವೆ. ನೀನು ಅವಳ ಮೇಜಿನಲ್ಲಿ ಸೂಪು ಕುಡಿಯುತ್ತಿದ್ದೀ.

ಈ ಮಗುವೊಂದು ಮಾತ್ರ ಅವಳ ಕೈ ಮುಟ್ಟದೆ ನನಗೆ ಬಂದದ್ದು. ಅದನ್ನೂ ಅವಳ ಹಾಸಿಗೆಯಲ್ಲೇ ಹೆರಬೇಕೆ?

ಹೀಗಿದ್ದರೂ ನಿನಗೆ ಒಂದು ಮಾತು ಕೊಡುತ್ತೇನೆ. ಇದೇ ಹದಿನೈದಕ್ಕೆ ಬ್ರೆಡ್ ಗಾಡಿಯಲ್ಲಿ ಪಟ್ಟಣಕ್ಕೆ ಹೋಗಿ ನನ್ನ ಚಿಕ್ಕಮ್ಮನ ಮನೆಯಲ್ಲಿರುತ್ತೇನೆ. ಆಸ್ಪತ್ರೆ ಹತ್ತಿರ. ಕೂಡುರಸ್ತೆಯಲ್ಲಿ ಗಾಡಿ ನಿಂತಾಗ ನಾನು ಇಳಿಯುವುದಿಲ್ಲ, ನೀನೇ ಬಂದು ಕಿಟಕಿಯಲ್ಲಿ ಮುಖ ತೋರಿಸು.

ಬೇಲಿಯ ಹಲಗೆಯ ಮಾತು ಬಾರ್ಬುಗೆ ಹೇಳಿದೆ. ನೆಡಿಸಿದ್ದ. ಅರ್ಧ ಊರಿನ ಒಲೆ ಆ ಹಲಗೆಯಲ್ಲೇ ಉರಿಯುತ್ತಿದೆ. ಒಣ ಮರ, ಚೆನ್ನಾಗಿ ಹತ್ತಿಕೊಳ್ಳುತ್ತದೆ. ನಮ್ಮ ಒಲೆ ಬಗ್ಗೆ ಕೇಳಬೇಡ.

ನಿನ್ನ, ನಿನ್ನವಳೇ ಆದ,
ಜೆನೋವ್ಯ

*

ಸ್ತುಫಾರು, ಡಿಸೆಂಬರ್ 13

ಗವ್ರೀಲ,

ಈ ಕಾಗದವನ್ನು ಯಾರ ಕೈಯಲ್ಲಿ ಕಳಿಸಲಿ? ಬ್ರೆಡ್ ಗಾಡಿ ಇಲ್ಲ, ರಸ್ತೆಯೇ ಇಲ್ಲ. ಮೊನ್ನೆ ಬೆಳಗ್ಗೆ ಗಾಳಿ ಶುರುವಾಯಿತು. ಕಿಟಕಿಗಳೆಲ್ಲ ಮುಚ್ಚಿಹೋಗಿ ಹಗಲಿನಲ್ಲೂ ದೀಪ ಹಚ್ಚಿದ್ದೇನೆ. ಬಾಗಿಲು ಒಳಕ್ಕೆ ತೆರೆದರೆ ಎದುರಿಗೆ ಹಿಮದ ಗೋಡೆ. ಅದರ ಮೇಲೆ ಬಾಗಿಲಿನ ಹಲಗೆಗಳ ಗುರುತು ಅಚ್ಚು ಬಿದ್ದಿತ್ತು. ಪಕ್ಕದ ಸೋಫ್ರೋನ್ ತಾತ ಅಟ್ಟದ ಕಿಂಡಿಯಿಂದ ಇಳಿದು ಬಂದ, ಮೈಯೆಲ್ಲ ಹಿಮ. ಅವನ ಹೆಂಡತಿ ಕೊಟ್ಟ ಹುರುಳಿ ಸಾರನ್ನು ಕೋಟಿನೊಳಗೆ ಇಟ್ಟುಕೊಂಡು ತಂದಿದ್ದ. ಪಂಚಾಯತಿಯ ಫೋನು ಸತ್ತಿದೆ, ಫೋನು ಸಾಯುವ ಮುಂಚೆಯೇ ಬಾರ್ಬು ನನ್ನ ನಿಜವಾದ ದಿನ ಹೇಳಿ ಶಿಬಿರಕ್ಕೆ ಸುದ್ದಿ ಮುಟ್ಟಿಸಿದ್ದಾನಂತೆ. ಅವನಿಗೆ ನಾನು ನಿನ್ನೆಯಷ್ಟೇ ಹೇಳಿ ಕಳಿಸಿದೆ. ನೋವು ನಿನ್ನೆಯಿಂದ ಬಂದುಹೋಗುತ್ತಿದೆ.

ಆಮೇಲೆ ಸೋಫ್ರೋನನ ಹೆಂಡತಿಯೂ ಅದೇ ಕಿಂಡಿಯಿಂದ ಇಳಿದು ಬಂದು ಹೊಟ್ಟೆ ಮುಟ್ಟಿ ನೋಡಿದಳು. "ಮಗು ಕೂತೈತೆ ಕಣವ್ವಾ, ತಲೆ ಕೆಳಗೆ ಬಂದಿಲ್ಲ. ನನ್ ಕೈಲಾಗಲ್ಲ" ಅಂದಳು.

ತಾತ ಚರ್ಚಿಗೆ ಹೋಗಿ ಗಂಟೆ ಹೊಡೆಯುತ್ತೇನೆ ಎಂದ. ದಾರಿ ತಪ್ಪಿದವರಿಗೆ ಕೇಳಲಿ ಎಂದು ಹಿಂದೆಲ್ಲ ಹೊಡೆಯುತ್ತಿದ್ದರಂತೆ. ಈಗ ಕೇಳಿಸುತ್ತಿದೆ. ಯಾರು ಬರುತ್ತಾರೆ ಈ ಗಾಳಿಯಲ್ಲಿ? ನೀನು ಹೆದ್ದಾರಿಯಲ್ಲಿರುತ್ತೀ, ನಿಯಮ ಬಿಡುವವನಲ್ಲ ನೀನು. ಅಥವಾ ಅವಳ ಅಡುಗೆಮನೆಯಲ್ಲಿ ಕೈ ಕಾಯಿಸಿಕೊಳ್ಳುತ್ತಿರುತ್ತೀ. ನೋಡು, ಈ ಹೊತ್ತಿನಲ್ಲೂ ಅದೇ ನೆನಪಾಗುತ್ತದೆ ನನಗೆ. ಆ ಸುಣ್ಣ ಹೊಡೆದ ಕೋಣೆಯಲ್ಲಿ ಈಗ ಯಾವ ಪುಣ್ಯವಂತೆ ಮಲಗಿದ್ದಾಳೋ, ಮರ್ಗಿಯೋಲ ಅವಳ ತಲೆ ಸವರುತ್ತಿದ್ದಾಳೋ. ಗವ್ರೀಲ, ನಾನು ಹೋಗಬೇಕಿತ್ತು. ಇದನ್ನು ನಿನ್ನ ಎದುರು ಹೇಳುವವಳಲ್ಲ, ಕಾಗದಕ್ಕೆ ಹೇಳುತ್ತಿದ್ದೇನೆ.

ಮತ್ತೆ ಬಂತು. ಆಮೇಲೆ ಬರೆ

*

ಕೂಡುರಸ್ತೆ ಶಿಬಿರ, ಡಿಸೆಂಬರ್ 21

ಜೆನೋವ್ಯ,

ಆಸ್ಪತ್ರೆಗೆ ಫೋನು ಮಾಡಿದ್ದೆ. ಇಬ್ಬರೂ ಚೆನ್ನಾಗಿದ್ದೀರಿ, ನಿನಗೆ ಎಚ್ಚರ ಬಂದಿದೆ, ಗಂಜಿ ಕುಡಿದಿದ್ದೀ ಎಂದರು. ಹೆದ್ದಾರಿ ಇನ್ನೂ ಒಂದೇ ಕಡೆ ತೆರೆದಿದೆ, ಬಿಟ್ಟು ಬರಲು ಆಗುತ್ತಿಲ್ಲ. ನಿನಗೆ ಏನೂ ನೆನಪಿಲ್ಲ ಎಂದು ನರ್ಸು ಹೇಳಿದಳು. ಅದಕ್ಕೆ ಬರೆಯುತ್ತಿದ್ದೇನೆ.

ಬಾರ್ಬುವಿನ ಫೋನು ಬಂದಾಗ ತುದೋಸೆ ಹಿಮಕ್ಕೆ ಬೆರಳು ಮರಗಟ್ಟಿ ಮಲಗಿದ್ದ. ಉಳಿದ ಯಂತ್ರಗಳು ಹೂತ ಬಸ್ಸಿನ ಕಡೆ ಹೋಗಿದ್ದವು. ಹೆರಿಗೆ ಅಂದರೆ ಆಸ್ಪತ್ರೆಯ ದಾರಿಯ ಲೆಕ್ಕ, ಹೋಗು ಎಂದು ಮೇಲಿನವರು ಅಪ್ಪಣೆ ಕೊಟ್ಟರು, ಆದರೆ ಒಬ್ಬನೇ ಹೋಗುವಂತಿಲ್ಲ. ಮರ್ಗಿಯೋಲ ಮೇಲಿನ ಕೋಣೆಯಲ್ಲಿ ಇನ್ನೊಬ್ಬಳ ಹೆರಿಗೆ ಹಿಡಿದಿದ್ದಳು. ಸಬೀನ ಏಪ್ರನ್ ಬಿಚ್ಚಿ ಕೋಟು ಹಾಕಿಕೊಂಡು ಹತ್ತಿ ಕೂತಳು. ನಾನು ಬೇಡ ಎಂದೆ.

"ನಾನ್ ಹುಟ್ಟಿದ್ದು ಸ್ತುಫಾರಲ್ಲಿ. ದಾರಿ ನಿನಗಿಂತ ನಂಗೆ ಗೊತ್ತು. ಗಾಡಿ ಬಿಡು" ಅಂದಳು.

ಹೆದ್ದಾರಿಯಿಂದ ತಿರುಗಿದ ಮೇಲೆ ಬೇಲಿ ಇರಲಿಲ್ಲ. ಹಿಮವೆಲ್ಲ ರಸ್ತೆಯ ಮೇಲೆ. ಅವಳು ಕೋಲು ಹಿಡಿದು ಮುಂದೆ ಮುಂದೆ ಚುಚ್ಚುತ್ತ ನಡೆದಳು. ಆಮೇಲೆ ಅವಳೂ ಕಾಣಲಿಲ್ಲ, ಕೂಗಿ ಒಳಗೆ ಹತ್ತಿಸಿಕೊಂಡೆ. ಗಂಟೆ ಕೇಳಿಸಿತು. ಆ ಸದ್ದಿಗೇ ಯಂತ್ರ ತಿರುಗಿಸಿಕೊಂಡು ಹೋದೆ. ನಿನ್ನನ್ನು ಅಟ್ಟದ ಕಿಂಡಿಯಿಂದ ಕಂಬಳಿಯಲ್ಲಿ ಸುತ್ತಿ ಇಳಿಸಿದೆವು. ವಾಪಸ್ ಬರುವಾಗ ಹಳೆಯ ಬಾವಿಯ ಹತ್ತಿರ ಯಂತ್ರ ಸಿಕ್ಕಿಬಿತ್ತು. ನಾನು ಸಲಿಕೆ ಹಿಡಿದು ಇಳಿದೆ. ಒಳಗೆ ನೀವಿಬ್ಬರೇ ಇದ್ದಿರಿ. ನೀನು ಅವಳನ್ನು ಬೈಯುವುದು ಗಾಳಿಯಲ್ಲೂ ಕೇಳಿಸುತ್ತಿತ್ತು. ಆಮೇಲೆ ಬೈಗುಳ ನಿಂತಿತು. ಆಮೇಲೆ ಮಗು ಅತ್ತಿತು.

ನಾನು ಬಾಗಿಲು ತೆರೆಯಹೋದೆ. ಗಾಳಿ ನುಗ್ಗುತ್ತೆ, ಮುಚ್ಚು ಎಂದು ಅವಳು ಬೈದಳು. ಅದಕ್ಕೆ ಮಗುವನ್ನು ನಾನೂ ಶಿಬಿರ ತಲುಪಿದ ಮೇಲೆಯೇ ನೋಡಿದ್ದು. ಅಲ್ಲಿಂದ ನಿಮ್ಮಿಬ್ಬರನ್ನು ಆಸ್ಪತ್ರೆಗೆ ಸೇರಿಸಿದೆವು.

ನೀನು ಬರೆದಿದ್ದ ಕಾಗದ ಮೇಜಿನ ಮೇಲಿತ್ತು, ತಂದೆ. ಅದು ಅರ್ಧಕ್ಕೆ ನಿಂತಿದೆ. ಸೂಪಿನ ಮೇಜು, ಬಾವಿಕಟ್ಟೆ ಎಲ್ಲದಕ್ಕೂ ಒಂದೇ ಉತ್ತರ. ಆ ದಿನ ಗಂಟೆ ನಿಂತುಹೋದರೆ ಏನು ಮಾಡಲಿ ಎಂದು ಹೆದರಿದಷ್ಟು ನಾನು ಯಾವತ್ತೂ ಯಾರಿಗಾಗಿಯೂ ಹೆದರಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಈಗ ಬರುವುದಿಲ್ಲ.

ನಿನ್ನ ಗವ್ರೀಲ

*

ಕೂಡುರಸ್ತೆ, ಡಿಸೆಂಬರ್ 30

ಜೆನೋವ್ಯ,

ನಾನು ಬರೆದರೆ ನೀನು ಓದುತ್ತೀಯೋ ಒಲೆಗೆ ಹಾಕುತ್ತೀಯೋ ಗೊತ್ತಿಲ್ಲ. ಬೇಲಿ ಹಲಗೆ ಮುಗಿದಿದ್ದರೆ ಹಾಕು, ಬೇಜಾರಿಲ್ಲ.

ನೀನು ಆಸ್ಪತ್ರೆಯಿಂದ ಮನೆಗೆ ಬಂದೆ ಎಂದು ಬಾರ್ಬು ಹೇಳಿದ. ಹೆಣ್ಣು ಮಗು ಮೈ ತುಂಬಿಕೊಂಡಿದೆ ಎಂದೂ ಹೇಳಿದ. ನನ್ನ ಕಂದು ಶಾಲು ಅವಳ ಜೊತೆ ಬಂದುಬಿಟ್ಟಿದೆ. ಅದನ್ನು ಕೇಳಲು ಬರೆಯುತ್ತಿಲ್ಲ.

ಯಂತ್ರದಲ್ಲಿ ನೀನು ನನಗೆ ಅಂದದ್ದೆಲ್ಲ ನೆನಪಿಲ್ಲದಿದ್ದರೆ ಒಳ್ಳೆಯದೇ. ಕೆಲವು ಮಾತು ನನಗೂ ಹೊಸದು, ಊಟದ ಮನೆ ನಡೆಸುವವಳಿಗೇ ಹೊಸದು. ಗಂಡಸರಿಗೆ ಗುಂಡಿ ಹೊಲಿದು ಕೊಡುತ್ತೇನೆ, ಹೌದು. ಎಲ್ಲ ಡ್ರೈವರ್‌ಗಳಿಗೂ ಕೊಡುತ್ತೇನೆ. ನೀಲಿ ದಾರವೊಂದೇ ಇರುವುದು ನನ್ನ ಹತ್ತಿರ. ನಿನ್ನ ಗಂಡ ಇಲ್ಲಿ ಕೂತು ಹೇಳುವುದು ಎರಡೇ ಮಾತು, ಸೂಪು ಬಿಸಿ ಇದೆ, ಜೆನೋವ್ಯಳಿಗೆ ದಿನ ಹತ್ತಿರ ಬಂತು.

ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚು ಎಂದು ಇಡೀ ತಾಲೂಕಿಗೆ ಗೊತ್ತು. ನನಗೆ ನಿನ್ನ ಮೇಲೆ ಇರುವುದು ಯಾರಿಗೂ ಗೊತ್ತಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಗವ್ರೀಲನಿಗಲ್ಲ. ಹನ್ನೊಂದು ವರ್ಷ ಸಂಸಾರ ಮಾಡಿದೆ, ತೊಟ್ಟಿಲು ತೂಗಲಿಲ್ಲ. ಬಸುರಿಯರನ್ನು ನನ್ನ ಮನೆಯಲ್ಲಿ ಇಡುತ್ತೇವೆ ಎಂದು ಅಧಿಕಾರಿಗಳು ಕೇಳಿದಾಗ, ಮೊದಲು ಆಗುವುದಿಲ್ಲ ಎಂದೇ ಅಂದಿದ್ದೆ. ಒಬ್ಬೊಬ್ಬಳು ಹೊಟ್ಟೆ ಹೊತ್ತುಕೊಂಡು ಮೆಟ್ಟಿಲು ಹತ್ತುವಾಗ ನಾನು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚುತ್ತಿದ್ದೆ. ಆ ದಿನ ಮಗುವನ್ನು ಕೋಟಿನೊಳಗೆ ಎದೆಗೆ ಹಾಕಿಕೊಂಡು ಕೂತಿದ್ದೆ. ಯಂತ್ರ ಬಿಡಿಸಲು ಗವ್ರೀಲ ಇನ್ನೂ ಸ್ವಲ್ಪ ಹೊತ್ತು ತೆಗೆದುಕೊಳ್ಳಲಿ ಎಂದು ಬಯಸಿದೆ. ನೀನು ಪ್ರಜ್ಞೆ ತಪ್ಪಿ ಬಿದ್ದಿದ್ದೆ, ನಾನು ಹಾಗೆ ಬಯಸಿದೆ. ಇದನ್ನು ನೀನು ಕ್ಷಮಿಸಬೇಕಾಗಿಲ್ಲ.

ಎಂಟನೇ ತಾರೀಕಿನ ಸೂಲಗಿತ್ತಿಯರ ಹಬ್ಬಕ್ಕೆ ನನಗೆ ರೊಟ್ಟಿ ತರಬೇಕೆಂದು ಊರವರು ನಿನ್ನ ತಲೆ ತಿನ್ನುತ್ತಾರೆ. ನಾನೇನು ಸೂಲಗಿತ್ತಿಯಲ್ಲ, ಕೈಗೆ ಬಂದದ್ದನ್ನು ಹಿಡಿದೆ. ನೀನು ತರದಿದ್ದರೂ ಲೆಕ್ಕಕ್ಕಿಲ್ಲ.

ಮಗುವಿಗೆ ಒಳ್ಳೆಯದಾಗಲಿ ಎನ್ನುವ,
ಸಬೀನ

*

ಸ್ತುಫಾರು, ಜನವರಿ 5, 1996

ಸಬೀನ,

ನಿನ್ನ ಕಾಗದ ಒಲೆಗೆ ಹಾಕಲಿಲ್ಲ. ಹಾಕಬೇಕು ಎನಿಸಿತ್ತು. ಮೂರನೇ ಸಲ ಓದಿದ ಮೇಲೆ ಎನಿಸಲಿಲ್ಲ.

ಲೆಕ್ಕಕ್ಕಿಲ್ಲ ಎಂದು ನೀನು ಬರೆದರೆ ಆಯಿತೇ? ಮಗುವನ್ನು ಮೊದಲು ಹಿಡಿದ ಕೈ ಸೂಲಗಿತ್ತಿಯದೇ, ಕಲಿತಿರಲಿ ಬಿಡಲಿ. ಪಾದ್ರಿಯೂ ಅದನ್ನೇ ಹೇಳಿದರು, ಸೋಫ್ರೋನನ ಹೆಂಡತಿಯೂ ಅದನ್ನೇ ಹೇಳಿದಳು. ಬಾರ್ಬುವಂತೂ ಬೀದಿಯಲ್ಲಿ ನಿಂತು ನಗುತ್ತ ಹೇಳಿದ. ಅಂದರೆ ನಾನು ಬದುಕಿರುವಷ್ಟು ಕಾಲ ಪ್ರತಿ ಜನವರಿ ಎಂಟಕ್ಕೆ ಜಡೆಯ ಹಾಗೆ ಹೆಣೆದ ರೊಟ್ಟಿ, ಟವೆಲ್ಲು, ಸಾಬೂನು ಹಿಡಿದು ನಿನ್ನ ಬಾಗಿಲಿಗೆ ಬಂದು, ನಿನ್ನ ಕೈಗೆ ನೀರು ಹಾಕಬೇಕು. ಸೂಲಗಿತ್ತಿಯನ್ನು ಅಜ್ಜಿ ಎನ್ನುವುದು ವಾಡಿಕೆಯಲ್ಲವೇ, ನನ್ನ ಮಗಳು ನಿನ್ನನ್ನು ಅಜ್ಜಿ ಎಂದು ಕರೆಯಬೇಕು. ನನ್ನ ಹೊಟ್ಟೆ ಎಷ್ಟು ಉರಿಯುತ್ತಿದೆ ಎಂದರೆ, ಈ ಚಳಿಯಲ್ಲಿ ಒಲೆ ಬೇಡ. ನಿನ್ನನ್ನು ಅಜ್ಜಿ ಎನ್ನುವಾಗ ನಿನ್ನ ಮುಖ ನೋಡಬೇಕು ಎಂಬುದೊಂದೇ ಸಮಾಧಾನ.

ಶಾಲಿನ ವಿಷಯ. ಎರಡು ಸಲ ಒಗೆದೆ. ಅದರಿಂದ ನಿನ್ನ ಅಡುಗೆಮನೆಯ ಹೊಗೆ ವಾಸನೆ ಹೋಗುವುದಿಲ್ಲ. ನಾನು ಹೆಣೆದ ಬಿಳಿ ಕಂಬಳಿ ಹೊದಿಸಿದರೆ ಕಿರುಚುತ್ತಾಳೆ, ನಿನ್ನ ಶಾಲು ಸುತ್ತಿದರೆ ಸುಮ್ಮನಾಗುತ್ತಾಳೆ. ಈ ವಯಸ್ಸಿಗೇ ಅಪ್ಪನ ಬುದ್ಧಿ. ಶಾಲು ವಾಪಸ್ ಕೊಡುವುದಿಲ್ಲ.

ಹೆಸರು ಇಲಿಂಕ ಎಂದು ಇಟ್ಟಿದ್ದೇವೆ. ಗವ್ರೀಲ ಬೇರೊಂದು ಹೆಸರು ಹೇಳಲು ಬಾಯಿ ತೆಗೆದಿದ್ದ. ಯಾವ ಹೆಸರು ಎಂದು ನಾನು ಕೇಳಲಿಲ್ಲ, ಅವನೂ ಬಾಯಿ ಮುಚ್ಚಿಕೊಂಡ.

ಈ ವರ್ಷ ನಾನು ಬರುವ ಹಾಗಿಲ್ಲ, ಬಾಣಂತಿ ನಲವತ್ತು ದಿನ ಹೊಸಿಲು ದಾಟಬಾರದು. ರೊಟ್ಟಿಯನ್ನು ಗವ್ರೀಲನ ಕೈಯಲ್ಲಿ ಕಳಿಸು ಎಂದು ಎಲ್ಲರೂ ಹೇಳುತ್ತಾರೆ. ಹೆಣೆದ ರೊಟ್ಟಿ ಕೊಟ್ಟು ಅವನೊಬ್ಬನನ್ನೇ ನಿನ್ನ ಮನೆಗೆ ಕಳಿಸುವಷ್ಟು ನಾನು ಇನ್ನೂ ಬದಲಾಗಿಲ್ಲ. ಆದ್ದರಿಂದ ನೀನೇ ಬಾ. ಎಂಟಕ್ಕೆ ಬ್ರೆಡ್ ಗಾಡಿ ಹೊರಡುತ್ತದೆ, ಅವನಿಗೆ ಹೇಳಿದ್ದೇನೆ. ಹಿಟ್ಟು ನಾದುವುದಕ್ಕೆ ಸೋಫ್ರೋನನ ಹೆಂಡತಿ ಬರುತ್ತಾಳೆ, ಹೆಣೆಯುವುದು ಮಾತ್ರ ನಾನೇ. ಹುಳಿ ಎಲೆಕೋಸನ್ನೂ ಬಡಿಸುತ್ತೇನೆ, ಗರಿಗರಿ ಇಲ್ಲ ಎಂದರೆ ನನ್ನ ಎದುರಿಗೇ ಹೇಳು.

ನೀನು ಕೋಟಿನೊಳಗೆ ಅವಳನ್ನು ಇಟ್ಟುಕೊಂಡು ಏನು ಬಯಸಿದೆಯೋ ಅದಕ್ಕೆ ಕ್ಷಮೆ ಬೇಡ ಎಂದಿದ್ದೀ. ನಾನು ಕೊಡುವುದೂ ಇಲ್ಲ. ಅದರ ಬದಲು ಒಂದು ಕೇಳುತ್ತೇನೆ. ಹಗಲೂ ರಾತ್ರಿ ಅವಳ ಮುಖ ನೋಡುತ್ತಾ ಕೂತಿರುತ್ತೇನೆ, ಆದರೂ ಎಲ್ಲಕ್ಕಿಂತ ಮೊದಲಿನದು ನನ್ನ ಹತ್ತಿರ ಇಲ್ಲ. ಗವ್ರೀಲನ ಹತ್ತಿರವೂ ಇಲ್ಲ. ಅದು ನಿನ್ನೊಬ್ಬಳ ಹತ್ತಿರ ಇದೆ. ಅವಳು ಹುಟ್ಟಿದಾಗ ಕಣ್ಣು ಬಿಟ್ಟಿದ್ದಳೇ? ಅಳುವ ಮುಂಚೆ ಏನು ಮಾಡಿದಳು? ಯಾರ ಕಡೆ ನೋಡಿದಳು?

ಬರೆದು ಕಳಿಸಬೇಡ. ಬಂದು, ನಿನ್ನ ಕೈಗೆ ನಾನು ನೀರು ಹಾಕುವಾಗ ಹೇಳು.

ನಿನಗಾಗಿ ನೀರು ಕಾಯಿಸಿಟ್ಟಿರುವ,
ಜೆನೋವ್ಯ